ಕೆಳಗಿನ ಕೋಣೆ

ನಕ್ಷೆಯಲ್ಲಿ ಅದು ‘ಸಾಮಾನು ಕೋಣೆ’.
ಆರು ವರ್ಷದಿಂದ ಅಲ್ಲಿರುವ ಸಾಮಾನು
ಮರಿಸ್ವಾಮಿ, ಅವನ ಚಾಪೆ, ಒಂದು ಸ್ಟೌ.

ಪಾಲಿಕೆಯವರು ಟೇಪು ಹಿಡಿದು ಬಂದರು:
ಗಾಳಿ ಇಲ್ಲ, ಬೆಳಕಿಲ್ಲ,
ಬೆಂಕಿ ಬಿದ್ರೆ ಹೊರಬೀಳೋಕೆ ದಾರಿ ಇಲ್ಲ,
ಇದನ್ನ ಮಲಗೋ ಕೋಣೆ ಅನ್ನೋಕಾಗಲ್ಲ ಅಮ್ಮ.

ಗೋಡೆ ಒಡೆಸಿದೆ. ಮೂರಡಿ ಕಿಟಕಿ.
ವಿದ್ಯಾರಣ್ಯಪುರದ ಬೀದಿ ಒಳಗಿಳಿಯಿತು
ಬರೀ ಪಾದಗಳಾಗಿ:
ಸೊಪ್ಪಿನವಳ ಹವಾಯಿ ಚಪ್ಪಲಿ, ಸ್ಕೂಲು ಬೂಟು.
ನಾಯಿಗೆ ಮಾತ್ರ ಪೂರ್ತಿ ಮುಖ.

ಸೀಲು ಬಿತ್ತು. ಕಾಗದದಲ್ಲೂ ಈಗ ಮಲಗುವ ಕೋಣೆ.
ಬಾಡಿಗೆ ಐನೂರು ಏರಿಸೋಣವೆಂದು ಕಾದು ನಿಂತೆ.

ರಾತ್ರಿಯಿಡೀ ಬೇಕರಿ ಒಲೆಯ ಮುಂದೆ ಬೆಂದು
ಏಳಕ್ಕೆ ಬಂದ ಮರಿಸ್ವಾಮಿ
ತನಗಿಂತ ಮೊದಲೇ ಚಾಪೆಯ ಮೇಲೆ
ಚೌಕವಾಗಿ ಮಲಗಿದ್ದ ಬಿಸಿಲನ್ನು ನೋಡಿ
ಕೇಳಿದ:
‘ಒಂದು ಹಳೇ ಸೀರೆ ಇದ್ರೆ ಕೊಡ್ತೀರಾ?’

ಕೊಟ್ಟೆ.
ಐನೂರರ ಮಾತು ಮುಂದಿನ ತಿಂಗಳಿಗಿರಲಿ.