ಊಟದ ಬಾಕಿ

ಹನ್ನೊಂದು ಸಾವಿರದ ನಾನೂರು ರೂಪಾಯಿ ಬಾಕಿಗೆ
ಮೊಹಿದ್ದೀನ್ ತಂದುಕೊಟ್ಟದ್ದು
ಐದು ಸಾವಿರದ ಏಳುನೂರು ಷೇರು.
ಒಂದಕ್ಕೆ ಎರಡು ರೂಪಾಯಿಯ ಲೆಕ್ಕ.
"ನೀಲಾಂಬಿಕಮ್ಮ, ಇನ್ನು ಬೆಟ್ಟದಲ್ಲಿ ನಿಮಗೂ ಪಾಲು."

ಕುಂಸಿಯ ನನ್ನ ಖಾನಾವಳಿಯ ಹಿತ್ತಿಲಿಂದ
ಬೆಟ್ಟ ಪೂರ್ತಿ ಕಾಣುತ್ತದೆ.
ರೊಟ್ಟಿ ಬಡಿದ ಕೈ ಸೆರಗಿಗೆ ಒರೆಸಿ
ನಿಂತು ನೋಡಿದೆ,
ಯಾವ ಮಗ್ಗುಲು ನನ್ನದಿರಬಹುದು ಅಂತ.

ಆಗ ಷೇರು ಒಟ್ಟು ಒಂದು ಕೋಟಿ.
ಆಷಾಢಕ್ಕೆ ಡ್ರಿಲ್ ನಿಂತಿತು, ಡೀಸೆಲ್‌ಗೆ ದುಡ್ಡಿಲ್ಲ.
ಹೊಸದಾಗಿ ಎರಡು ಕೋಟಿ ಬಿಟ್ಟರು, ಒಂದೂಕಾಲು ರೂಪಾಯಿಗೆ,
ಮುಂಬೈಯ ಯಾರೋ ನಾಲ್ಕು ಜನಕ್ಕೆ.
ದೀಪಾವಳಿಗೆ ಮತ್ತೆ ಐದು ಕೋಟಿ. ಅರವತ್ತು ಪೈಸೆ.
ಪ್ರತಿ ಸಲವೂ ಪೇಪರಿನಲ್ಲಿ ಬೆಟ್ಟದ ಫೋಟೋ,
ಮೊದಲಿಗಿಂತ ಹಸಿರಾಗಿ.

ಮೋಸವಲ್ಲ ಅಂದ ಮೊಹಿದ್ದೀನ್. ನಿಜವೇ ಇರಬೇಕು.
ಕೊರೆದಷ್ಟೂ ಖರ್ಚು, ಚಿನ್ನ ಇನ್ನೂ ಕಲ್ಲಿನ ಹೊಟ್ಟೆಯಲ್ಲಿ,
ಅಲ್ಲಿಯ ತನಕ ಕಂಪನಿ ಬೆಳೆದು ಮಾರುವುದು
ಷೇರೊಂದನ್ನೇ.
ಅವನ ಅರ್ಧ ಸಂಬಳವೂ ಅದೇ ಬೆಳೆ.

ನಾನೂ ಸಾರಿಗೆ ನೀರು ಹೊಯ್ದವಳೇ.
ಹದಿನೈದು ಜನಕ್ಕೆ ಇಟ್ಟ ದಿನ
ದಿಬ್ಬಣದ ವ್ಯಾನು ಬಂದು ನಿಂತರೆ ಇನ್ನೇನು ಮಾಡಲಿ?
ಆದರೆ ಆಗಲೇ ಕಲಸಿ ಉಣ್ಣುತ್ತಿದ್ದವನ ತಟ್ಟೆಗೆ
ಹೋಗಿ ಚೊಂಬು ಬಗ್ಗಿಸಿಲ್ಲ.

ಆಮೇಲೊಂದು ಕಾಗದ:
ನಿಮ್ಮ ಪಾಲು ಕರಗದಿರಲು
ಹದಿನೈದು ದಿನದೊಳಗೆ ಹಣ ಕಟ್ಟಿ.
ಉಂಡವರು ಅವರು, ಕಟ್ಟುವವಳು ನಾನು!
ಕಟ್ಟಲಿಲ್ಲ.
ಇನ್ನೊಂದು ಕಾಗದ:
ಹತ್ತನ್ನು ಸೇರಿಸಿ ಒಂದು ಮಾಡಿದ್ದೇವೆ.
ಐನೂರ ಎಪ್ಪತ್ತು ಉಳಿಯಿತು.
ಬೆಲೆಯೂ ಹತ್ತುಪಟ್ಟು ಅಂದರು. ಇತ್ತು, ಮೂರು ವಾರ.

ಹಿತ್ತಿಲಲ್ಲಿ ಅವರು ಬಿಟ್ಟುಹೋದ ಪೆಟ್ಟಿಗೆಗಳಿವೆ.
ಬೆಟ್ಟದೊಳಗಿಂದ ತೆಗೆದ ದುಂಡನೆ ಕಲ್ಲು, ಬಳೆಯಂಗಡಿಯ ಹಾಗೆ ಸಾಲಾಗಿ,
ಎಲ್ಲದರ ಮೇಲೂ ಆಳ ಬರೆದಿದೆ.
ನೂರ ನಲವತ್ತೆರಡು ಮೀಟರಿನದು
ಮುಷ್ಟಿಗೆ ಸರಿಯಾಗಿ ಕೂರುತ್ತದೆ,
ಒಂದು ಕಡೆ ಬಿಳಿ ಗೆರೆ, ಉಪ್ಪಿನ ಹಾಗೆ.

ಮೊನ್ನೆ ಮೊಹಿದ್ದೀನ್ ಬಂದಿದ್ದ.
ಈಗ ಬೇರೆ ಕಂಪನಿ, ಬೇರೆ ಬೆಟ್ಟ, ಅದೇ ಟೋಪಿ.
ಎರಡು ರೊಟ್ಟಿ ಹೆಚ್ಚೇ ಉಂಡ. ಎಂಬತ್ತು ರೂಪಾಯಿ
ನಗದು ಎಣಿಸಿಟ್ಟ.
ಬೆಳ್ಳುಳ್ಳಿ ಚಟ್ನಿ ಬಹಳ ಚೆನ್ನಾಗಿದೆ,
ಮಿಕ್ಸಿಯದಲ್ಲ ಅಲ್ವಾ ಅಂದ.

ಅಲ್ಲ ಅಂದೆ.
ಯಾವುದರಲ್ಲಿ ಜಜ್ಜಿದ್ದು ಅಂತ
ಹೇಳಲಿಲ್ಲ.