ಮೊಳೆ ಎಲ್ಲಿರಬೇಕು

ನಲವತ್ತೆಂಟು ಪೌಂಡು. ಪೆಟ್ಟಿಗೆಯ ಮೇಲೊಂದು ಕೆಂಪು ಚೀಟಿ,
ಅದರಡಿ ಅರ್ಧ ಹರಿದ ಇನ್ನೊಂದು:
ಕಳೆದ ವರ್ಷ ಇದೇ ಜೋಡಿಗೆ ತೊಂಬತ್ತೈದು.
ಬಣ್ಣ ಸಾಸಿವೆ ಹಳದಿ. ಯಾರಿಗೂ ಬೇಡವಾದದ್ದು,
ಅದಕ್ಕೇ ನನ್ನವರೆಗೆ ಬಂದದ್ದು.

"ಬಾತುಕೋಳಿ ಕಾಲು, ಅಮ್ಮಾ" ಎಂದಳು ಮಾಬ್ಲಿ.
ಬಾತುಕೋಳಿ ಜಾರಿ ಬಿದ್ದದ್ದು ನೋಡಿದ್ದೀಯಾ, ಎಂದೆ.

ನಾನು ಬಿದ್ದಿದ್ದೆ. ಹೋದ ತಿಂಗಳು,
ಓಡುವ ಬೂಟಿನಲ್ಲಿ, ಹಳೆ ಗಣಿಯ ಇಳಿಜಾರಿನಲ್ಲಿ.
ಮಕ್ಕಳು ಅಕ್ಷರ ತಿದ್ದುತ್ತಿದ್ದ ಅದೇ ಸ್ಲೇಟು,
ಇಲ್ಲಿ ಬೆಟ್ಟದಷ್ಟು, ಒದ್ದೆ, ಕಪ್ಪು.
ಕಾಲು ಜಾರಿತು, ಪೆಡಲು ಗಿರ್ರನೆ ತಿರುಗಿತು,
ಅದರ ಮೊಳೆಗಳು ಮೊಣಕಾಲ ಕೆಳಗೆ
ಏಳು ಕಡೆ ರುಜು ಹಾಕಿದವು.

ಸೋಮವಾರ ವೃದ್ಧಾಶ್ರಮದಲ್ಲಿ ಹಾಸುಬಟ್ಟೆ ಒಗೆಯುವಾಗ
ಪಟ್ಟಿ ನೋಡಿ ಮಿಸೆಸ್ ಪ್ರಿದೆರ್ಖ್ ಕೇಳಿದಳು:
ನಾಯಿಯೇ?
ಅಲ್ಲ, ಸೈಕಲ್ಲು.
ಹಲ್ಲಿನ ಸೆಟ್ಟು ಚಹಾದ ಬಟ್ಟಲಿಗೆ ಬೀಳುವಷ್ಟು ನಕ್ಕಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು
ಆ ಕಾಲಿಗೆ ಏನು ಹಾಕಬೇಕೆಂದು ಹೇಳುವುದಿಲ್ಲ.
ಹೇಳಿದವನು ಇದ್ವಲ್, ಅಂಗಡಿಯವನು,
ಗ್ರೀಸು ಮೆತ್ತಿದ ಬೆರಳನ್ನು ಬೂಟಿಗೆ ತಾಗಿಸದೆ:
"ಉಗುರಿನಿಂದ ಅಟ್ಟೆಯನ್ನು ಒತ್ತು.
ಗುರುತು ತಟ್ಟನೆ ಮಾಯವಾದರೆ ಬೇಡ.
ಮೆಲ್ಲಗೆ, ನಿದ್ದೆಗಣ್ಣಿನ ಮಗುವಿನಂತೆ ಎದ್ದರೆ
ಆ ರಬ್ಬರು ಹಿಡಿದದ್ದನ್ನು ಬಿಡುವುದಿಲ್ಲ.
ಈಗ ಬಾಗಿಸು. ಬೆರಳ ಬುಡದಲ್ಲಿ ಬಾಗಲಿ,
ನಡುವಲ್ಲಿ ಬಾಗಿದರೆ ಮಧ್ಯಾಹ್ನದೊಳಗೆ ಪಾದ ಅಳುತ್ತದೆ.
ಇದಕ್ಕೊಂದೇ ದೋಷ. ನೀರು ಕುಡಿದರೆ
ಎರಡು ದಿನ ಒಣಗುವುದಿಲ್ಲ."

ಒಣಗಿಸುವುದೇ ನನ್ನ ಉದ್ಯೋಗ, ಎಂದೆ.

ಮೇಲಿನ ಹಲಗೆಯಲ್ಲಿ ನೂರಮೂವತ್ತರ ಜೋಡಿ,
ಕಪ್ಪು, ಗಂಭೀರ, ಗುಂಡಿ ತಿರುಗಿಸಿದರೆ ಬಿಗಿಯುವ ದಾರ.
ನೋಡಿದೆ. ಅದು ಫೆಬ್ರವರಿಯ ಗ್ಯಾಸಿನ ಬಿಲ್ಲಿನಂತೆ ಕಂಡಿತು.

ನನ್ನ ತೈದ್ (ಅಜ್ಜನಿಗೆ ನಮ್ಮಲ್ಲಿ ಹಾಗೆನ್ನುವುದು)
ಇದೇ ಬೆಟ್ಟ ಹತ್ತುತ್ತಿದ್ದ. ಅವನ ಬೂಟಿನಡಿ
ಸಾಲು ಸಾಲು ಮೊಳೆ. ಬೆಳಗಿನ ಕತ್ತಲಲ್ಲಿ
ಕಲ್ಲಿಗೆ ತಾಗಿ ಕಿಡಿ ಹಾರುತ್ತಿತ್ತಂತೆ.
ಸವೆದ ಮೊಳೆಯನ್ನು ಭಾನುವಾರ ಕಿತ್ತು
ಹೊಸದು ಹೊಡೆಯುವಾಗ ಅಜ್ಜಿ ಬೈಯುತ್ತಿದ್ದಳು,
ಭಾನುವಾರವೆಂದು.
ಇದನ್ನು ತೋರಿಸಿದ್ದರೆ ಅಂಗೈಯಲ್ಲಿ ತೂಗಿ ನೋಡಿ
ಕೇಳುತ್ತಿದ್ದನೇನೋ:
ಮೊಳೆಯನ್ನು ಪೆಡಲಿಗೆ ಹೊಡೆದು
ಅಟ್ಟೆಯನ್ನು ಬೆಣ್ಣೆಯಂತೆ ಬಿಟ್ಟಿದ್ದೀರಲ್ಲ,
ಲೋಕ ಯಾವಾಗ ತಲೆಕೆಳಗಾಯಿತು?
ಅದಿರಲಿ, ಮೇಲೇರಲು ವ್ಯಾನಿಗೆ ದುಡ್ಡು ಕೊಟ್ಟು
ಕಿರುಚುತ್ತ ಇಳಿಯುವುದಕ್ಕೆ ಏನೆನ್ನುತ್ತಿದ್ದ,
ಇಳಿಯುವುದಕ್ಕೇ ಕೂಲಿ ಸಿಗದಿದ್ದವನು?

ಶನಿವಾರ. ಅದೇ ತಿರುವು, ಅದೇ ಒದ್ದೆ.
ಮುಂದೆ ಮಾಬ್ಲಿಯ ಬೆನ್ನು, ಮರದಾಚೆ ಮಾಯ.
ಹಿಮ್ಮಡಿ ತಗ್ಗಿಸು, ಹಿಮ್ಮೆಟ್ಟಬೇಡ,
ನನಗೆ ನಾನೇ ಹೇಳಿಕೊಂಡೆ. ಎದೆ ಹಿಮ್ಮೆಟ್ಟಿತು.
ಕಾಲು ಮಾತ್ರ ಕೇಳಲಿಲ್ಲ.
ಹೆದರಿ ಎಳೆದರೂ ಬಾರದೆ
ಇಟ್ಟಲ್ಲೇ ಇತ್ತು, ಹಠದ ಹಳದಿ ಕಾಲು,
ಕಲ್ಲು ಕುಣಿಸಿದಷ್ಟೂ ಮೊಳೆ ಆಳಕ್ಕೆ ಕಚ್ಚಿ.
ಕೆಳಗೆ ಬಂದು ನಿಂತಾಗ ಮಗಳು ಕೇಳಿದಳು,
ಯಾಕೆ ನಗುತ್ತಿದ್ದೀ?
ನಗುತ್ತಿದ್ದೆನೆಂದು ಗೊತ್ತಿರಲಿಲ್ಲ.

ಮತ್ತೆ ಸೋಮವಾರ. ಒಗೆಯುವ ಕೋಣೆಯ ಬಿಸಿ ಯಂತ್ರದ ಮೇಲೆ
ಹಳೆ ಪೇಪರು ತುಂಬಿಸಿಕೊಂಡು ಒಣಗುತ್ತಿದ್ದವು ಅವು.
ಗಾಲಿಕುರ್ಚಿ ತಳ್ಳಿಕೊಂಡು ಬಂದ ಮಿಸೆಸ್ ಪ್ರಿದೆರ್ಖ್
ಒಂದನ್ನು ಮಡಿಲಿಗೆ ಎತ್ತಿಕೊಂಡಳು. ಬೆಲೆ ಕೇಳಿದಳು.
"ನಲವತ್ತೆಂಟೇ! ಅಷ್ಟರಲ್ಲಿ ನನ್ನ ಮದುವೆಯೇ ಆಗಿತ್ತು."
ಆಮೇಲೆ ಬಹಳ ಹೊತ್ತು
ಅಟ್ಟೆಯನ್ನು ಹೆಬ್ಬೆರಳಿಂದ ಒತ್ತುತ್ತ, ಬಿಡುತ್ತ ಕೂತಳು.
ಕುರ್ಚಿಯ ಪಾದದ ಹಲಗೆಯಿಂದ ಜಾರುತ್ತಿದ್ದ ಬಲಗಾಲನ್ನು
ಕೈಯಿಂದಲೇ ಎತ್ತಿ ಸರಿಯಾಗಿಟ್ಟು
ಕೇಳಿದಳು:
"ನಾಲ್ಕರ ಅಳತೆಯದು ಇತ್ತೇ?"