ಯಾರ ಐದು ಗಂಟೆ

ನದಿಯ ಈಚೆ ಟೋರ್ನಿಯೊ, ಆಚೆ ಹಪರಾಂಡ.
ಸೇತುವೆ ದಾಟಲು ಹತ್ತು ನಿಮಿಷ ಸಾಕು.
ಆದರೆ ಫಿನ್‌ಲೆಂಡಿನ ಐದಕ್ಕೆ ಹೊರಟವರು
ಸ್ವೀಡನ್ನಿನ ನಾಲ್ಕೂ ಹತ್ತಕ್ಕೆ ಮುಟ್ಟುತ್ತಾರೆ.
ಹೊರಡುವ ಮೊದಲೇ ತಲುಪಿಬಿಡುವ ಊರು ನಮ್ಮದು.
ಇದನ್ನೇ ಬಂದವರಿಗೆಲ್ಲ ಬಿಡಿಸಿ ಹೇಳುತ್ತ
ಯುವಕೇಂದ್ರದ ಸಂಬಳ ತಿಂದಿದ್ದೇನೆ, ಇಪ್ಪತ್ತೆರಡು ವರ್ಷ.

ಆದರೂ ಆ ಜೂನಿನಲ್ಲಿ ಮರೆತೆ.
"ಐದಕ್ಕೆ ಸೇತುವೆಯ ಹತ್ತಿರ" ಅಂದೆ.
ಯಾರ ಐದು ಅನ್ನಲಿಲ್ಲ.

ನಾಲ್ಕು ದೇಶದ ಇಪ್ಪತ್ಮೂರು ಮಕ್ಕಳು ಸರಿಯಾಗಿಯೇ ತಪ್ಪಿ
ಒಟ್ಟಿಗೇ ತಡವಾಗಿ ಬಂದರು.
ಒಬ್ಬ ಮಾತ್ರ, ಲೆವೊಚಾದ ವ್ರಾತ್ಕೊ,
ಹಳದಿ ಬಣ್ಣದ ಡಬ್ಬಿ ಮಡಿಲಲ್ಲಿಟ್ಟುಕೊಂಡು
ಗಂಟೆಯಿಂದ ಕಂಬಿಯ ಮೇಲೆ ಕೂತಿದ್ದ, ಸೊಳ್ಳೆಗಳ ನಡುವೆ.
ಅವನ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಜಿಗಿದು
ಒಮ್ಮೆ ಐದು ತೋರಿಸಿತ್ತು, ಒಮ್ಮೆ ನಾಲ್ಕು.
ಮೂರು ದಿನದಲ್ಲಿ ಅವನು ಆಡಿದ ಮೊದಲ ಮಾತು,
ಇಬ್ಬರಿಗೂ ಬಾಡಿಗೆಯದಾದ ಇಂಗ್ಲಿಷಿನಲ್ಲಿ:
"ನೀವು ಸುಳ್ಳು ಹೇಳಿದಿರಿ."

ಹೌದು ಅಂದೆ. ಮತ್ತೇನು ಅನ್ನಲಿ?

ಆ ತಿಂಗಳು ಇಲ್ಲಿ ಹೊತ್ತು ಮುಳುಗುವುದಿಲ್ಲ.
ಹೊತ್ತೇ ಮುಳುಗದ ಕಡೆ
ಹೊತ್ತುಗೊತ್ತು ಇರಲಿ ಎಂದು ಯಾರಿಗೆ ಹೇಳುವುದು?
ಹನ್ನೊಂದಕ್ಕೆ (ಆಚೆಯ ಹತ್ತಕ್ಕೆ)
ಅಡುಗೆಮನೆಯ ಕಿಟಕಿಯಲ್ಲಿ ಹಗಲು ಹಾಗೇ ನಿಂತಿತ್ತು.
ಆಲೂಗಡ್ಡೆ ಸುಲಿಯುತ್ತ ಜಗಳ ಬೆಳೆಯಿತು:
ಊಟ ಯಾರ ಏಳಕ್ಕೆ, ದೀಪ ಯಾರ ಹತ್ತಕ್ಕೆ.
ಸ್ವೀಡನ್ ಕಡೆಯ ನನ್ನ ಜೊತೆಗಾರ ತೋರ್ವಾಲ್ಡ್
ಮೂಲೆಯಿಂದ ಹಳೆ ಸೈಕಲಿನ ಗಾಲಿ ಎತ್ತಿ ತಂದ.
ನಾವಿಬ್ಬರೂ ಬೈದಾಡುವುದು ಕಣಿವೆಯ ಮಾತಿನಲ್ಲಿ,
ಅವನಜ್ಜಿ ಶಾಲೆಯಲ್ಲಿ ಆಡಿ ಬೈಸಿಕೊಂಡ ಮಾತಿನಲ್ಲಿ;
ಹಣ ಕೇಳುವಾಗ ಮಾತ್ರ ಇಂಗ್ಲಿಷ್.

ಗಾಲಿಗೆ ಮುಳ್ಳು ಕೂರಿಸಿದವನು ವ್ರಾತ್ಕೊ.
ಹಳದಿ ಬಣ್ಣ ಕಡ್ಡಿಕಡ್ಡಿಗೂ ಬಳಿದ.
ಎಷ್ಟಕ್ಕಿಡಲಿ ಅಂದಾಗ ಯಾರೋ ಕೂಗಿದರು, ನಡುವೆ!
ಹಾಗೆ ಅರ್ಧ ಗಂಟೆಯ ಮೇಲೆ ನಿಂತಿತು ನಮ್ಮ ದೇಶ,
ಈಚೆಗೂ ತಪ್ಪು, ಆಚೆಗೂ ಅಷ್ಟೇ ತಪ್ಪು.
ನಾನು ಚಪ್ಪಾಳೆ ತಟ್ಟಬೇಕೆಂದಿದ್ದೆ.
ಸೆತೂಬಲಿನ ಇರಿಯಾ ನಕ್ಕುಬಿಟ್ಟಳು:
"ನ್ಯಾಯ ಹಂಚಿಕೊಂಡಿರಿ, ನೀವಿಬ್ಬರು ನೆರೆಯವರು.
ನನ್ನಮ್ಮನಿಗೆ ಇನ್ನೂ ಒಂದೂವರೆ ಗಂಟೆ ದೂರ."
ಆಲೂಗಡ್ಡೆಯ ಸಿಪ್ಪೆ ಸದ್ದು ಮಾಡುವಷ್ಟು ಮೌನ.
ಎದ್ದು ಹೋದ ವ್ರಾತ್ಕೊ, ಪುಟ್ಟ ಕುಂಚ ತಂದ,
ಗಾಲಿಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟ:
ಅಲ್ಲಿಗೆ ಮುಳ್ಳು ಬಂದರೆ ಇರಿಯಾಳ ಅಮ್ಮ
ಮೀನು ಪೇಟೆಯಿಂದ ಮನೆಗೆ ಬಂದಿರುತ್ತಾಳೆ.
ಮರುದಿನ ಚುಕ್ಕೆಗಳು ಹದಿನೇಳು.

ವರದಿಯ ನಮೂನೆ ಕೇಳುತ್ತದೆ: ಪರಿಣಾಮವೇನು?
ಐನೂರು ಅಕ್ಷರ ಮೀರಬಾರದು.
"ಪರಸ್ಪರ ತಿಳುವಳಿಕೆ ಹೆಚ್ಚಿದೆ" ಎಂದು ಬರೆದೆ,
ಎಲ್ಲರೂ ಬರೆಯುವಂತೆ. ಸುಳ್ಳಲ್ಲ. ನಿಜವೂ ಅಷ್ಟಲ್ಲ.
ಮುಂದಿನ ವರ್ಷದ ಹಣ ಮಂಜೂರಾಗಲಿಲ್ಲ.

ನವೆಂಬರಿನಲ್ಲಿ, ಮಧ್ಯಾಹ್ನವೇ ಕತ್ತಲಾದ ದಿನ,
ಲೆವೊಚಾದಿಂದ ಸಂದೇಶ:
"ಐದಕ್ಕೆ ಫೋನ್ ಮಾಡಲೇ, ಉಲ್ಪು? ನಮ್ಮ ಐದು."
ಉಗ್ರಾಣಕ್ಕೆ ಹೋಗಿ ನೋಡಿದೆ.
ಹಿಮದ ಬೂಟುಗಳ ಮೇಲೆ, ಮೊಳೆಗೆ ತೂಗಿ,
ಗಾಲಿ ಇನ್ನೂ ನಡೆಯುತ್ತಿತ್ತು.
ಏಳೆಂಟು ನಿಮಿಷ ಹಿಂದೆ ಬಿದ್ದಿದೆ ಅನ್ನಿಸಿ
ಮುಳ್ಳಿಗೆ ಬೆರಳಿಟ್ಟೆ.
ಬೆರಳು ಅಲ್ಲೇ ತಡೆಯಿತು:
ಯಾವುದಕ್ಕೆ ಹೋಲಿಸಿ ಸರಿಮಾಡಲಿ?